ಟೊಬ್ರುಕ್ ಬಿದ್ದ ವರ್ಷದ ಕಾರಹುಣ್ಣಿಮೆ

ಆಗೆಲ್ಲ ನಮ್ಮೂರು ಮೆಟ್ರಿಗೆ ಲೋಕದ ಸುದ್ದಿ ಬರುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಪತ್ರಿಕೆ ರೈಲಿನಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಕಂಪ್ಲಿಗೆ ಮುಟ್ಟಿ, ಕಂಪ್ಲಿ ಸಂತೆಗೆ ಹೋದವರ ಗಾಡಿಯಲ್ಲಿ ಬೆಲ್ಲದ ವಾಸನೆ ಹಿಡಿಸಿಕೊಂಡು ನಮ್ಮ ಶಾಲೆಯ ಮೇಷ್ಟ್ರ ಕೈ ಸೇರುವ ಹೊತ್ತಿಗೆ ವಾರ ದಾಟಿರುತ್ತಿತ್ತು. ಅದು ತಡವೆಂದು ಯಾರಿಗೂ ಅನಿಸುತ್ತಿರಲಿಲ್ಲ. ಮೇಷ್ಟ್ರು ಓದಿದ ದಿನವೇ ನಮ್ಮ ಪಾಲಿಗೆ ಅದು ನಡೆದ ದಿನ.

ನಲವತ್ತೆರಡನೇ ಇಸವಿಯ ಮಾತು. ನಾನು ಮೂರನೇ ಕ್ಲಾಸು. ನಮ್ಮ ಮನೆಯಲ್ಲಿ ಅಕ್ಷರದ ಮುಖ ಕಂಡವಳು ನಾನೊಬ್ಬಳೇ, ನನ್ನನ್ನು ಶಾಲೆಗೆ ಹಾಕಿದವನು ಅಣ್ಣ ಹುಲುಗಪ್ಪ. ಅವನು ಸಂಡೂರಿನಲ್ಲಿ ಅದಿರಿನ ಲಾರಿ ತೊಳೆಯುತ್ತ ತೊಳೆಯುತ್ತ ಓಡಿಸುವುದನ್ನೂ ಕಲಿತಿದ್ದ. ಲಾರಿ ಬಲ್ಲವರು ಬೇಕೆಂದು ಸೈನ್ಯದವರು ಕರೆದಾಗ ಹೊರಟುಬಿಟ್ಟ. ಹೊರಡುವ ಮುಂಚೆ ಕೊಟ್ಟಿಗೆಯಲ್ಲಿ ತನ್ನ ಬಿಳಿ ಎತ್ತಿನ ಕೊರಳ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತ ನನಗೆ ಹೇಳಿದ.

“ಗಂಗೀ, ನಾ ಬರೋದ್ರಾಗ ಪೇಪರ್ ಓದೋದು ಕಲ್ತಿರ್ಬೇಕು. ಮೇಷ್ಟ್ರ ಬಾಯಿ ನೋಡ್ಕೋತ ಕುಂದ್ರಬ್ಯಾಡ.”

ಅವನಿದ್ದದ್ದು ಲಿಬಿಯಾ ಎಂಬ ದೇಶದಲ್ಲಿ. ಮೇಷ್ಟ್ರು ಶಾಲೆಯ ಗೋಡೆಯ ಮೇಲೆ ಆ ದೇಶವನ್ನು ಬರೆದಿದ್ದರು. ಮೇಲೊಂದು ಅಲೆ ಅಲೆ ಗೆರೆ, ಅದು ಸಮುದ್ರ. ಅದರ ಕೆಳಗೆ ಚುಕ್ಕಿಗಳು, ಅವು ಊರುಗಳು. ನಮ್ಮ ಕಡೆಯವರ ಕೈಯಲ್ಲಿದ್ದ ಊರಿಗೆ ಕೆಮ್ಮಣ್ಣಿನ ಚುಕ್ಕಿ, ಜರ್ಮನಿ ಇಟಲಿಯವರ ಕೈಯಲ್ಲಿದ್ದ ಊರಿಗೆ ಇದ್ದಿಲಿನ ಚುಕ್ಕಿ. ಬೆಂಗಾಜಿ ಎಂಬ ಊರಂತೂ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಗಿ, ಮತ್ತೆ ಕಪ್ಪಾಗಿ, ಒರೆಸಿ ಒರೆಸಿ ಅಲ್ಲಿ ಗೋಡೆಯ ಗಾರೆಯೇ ಕುಳಿ ಬಿದ್ದಿತ್ತು. ಅಣ್ಣ ಟೊಬ್ರುಕ್ ಎಂಬ ಊರಲ್ಲಿದ್ದಾನೆಂದು ರಜೆಗೆ ಬಂದಿದ್ದ ಹೊಸಪೇಟೆಯ ಸಿಪಾಯಿಯೊಬ್ಬ ಹೇಳಿಹೋಗಿದ್ದ. ಅದು ಕೆಂಪಾಗೇ ಇತ್ತು.

ಅವ್ವ ಹೊಲದಿಂದ ಬರುವಾಗ ಹುಲ್ಲಿನ ಹೊರೆ ಇಳಿಸಿ ಆ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಒಂದು ಸಂಜೆ ಮೇಷ್ಟ್ರನ್ನು ಕೇಳಿದಳು.

“ಆ ಊರಾಗಿನ ಮಂದಿ ಯಾವ ಕಡೇರಿ?”

“ಅವರನ್ನ ಯಾರೂ ಕೇಳಿಲ್ಲಮ್ಮ.”

“ನಮ್ಮನ್ನರ ಯಾರ್ ಕೇಳ್ಯಾರ.”

ಮೇಷ್ಟ್ರು ಸರಕಾರದ ಸಂಬಳದವರು. ಕೈಯಲ್ಲಿದ್ದ ಇದ್ದಿಲ ಚೂರನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಆ ವರ್ಷ ಜ್ಯೇಷ್ಠಕ್ಕೆ ಅಧಿಕ ಮಾಸ ಬಂದಿತ್ತು. ಹಾಗಾಗಿ ಕಾರಹುಣ್ಣಿಮೆ ಒಂದು ತಿಂಗಳು ಮುಂದಕ್ಕೆ ಹೋಯಿತು. ಕಾರಹುಣ್ಣಿಮೆ ನಮ್ಮಲ್ಲಿ ಎತ್ತುಗಳ ಹಬ್ಬ. ಹಿಂದಿನ ದಿನ ಹೊನ್ನುಗ್ಗಿಯೆಂಬ ಹುಗ್ಗಿ, ಹುಣ್ಣಿಮೆಯ ದಿನ ಹೋಳಿಗೆ, ಎತ್ತಿನ ಕೋಡಿಗೆ ಸಿಕ್ಕಿಸುವ ಕೋಡುಬಳೆ. ಸಂಜೆ ಊರ ಅಗಸಿಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ, ಅದಕ್ಕೆ ಕರಿ ಎನ್ನುವುದು. ಓಡಿಬಂದು ಅದನ್ನು ಮೊದಲು ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುತ್ತಾರೆ. ಬಿಳಿ ಎತ್ತು ಹರಿದರೆ ಬಿಳಿಜೋಳ ಚೆನ್ನಾಗಿ ಬರುತ್ತದೆಂದು ಲೆಕ್ಕ.

ಪಕ್ಕದ ಮನೆಯ ಈರಣ್ಣ ಮಾವನದು ಕೆಂದ ಎತ್ತು. ಬಾಯಿ ಜೋರಿನ ಮನುಷ್ಯ. ಬಾವಿಕಟ್ಟೆಯಲ್ಲಿ ಎತ್ತು ತೊಳೆಯುತ್ತ ಅವ್ವನನ್ನು ಕೆಣಕಿದ.

“ಯಕ್ಕ, ಈ ಸಲ ಜ್ವಾಳದ ಮಾತು ಬ್ಯಾಡ. ನಿಮ್ಮ ಬಿಳಿ ಎತ್ತು ಹುಲುಗಪ್ಪನ ಕಡಿ, ನಮ್ಮ ಕೆಂದ ಜರ್ಮನಿ ಕಡಿ. ಯಾವ್ದು ಕರಿ ಹರಿತದೋ ಟೊಬ್ರುಕ್ ಅವರ್ದು.”

“ಜರ್ಮನಿ ಎತ್ತಿಗೆ ನಮ್ಮೂರ ಹುಲ್ಲು ಹಾಕಿ ಸಾಕೀಯಲ್ಲೋ, ನಾಚ್ಕಿ ಇಲ್ಲ ನಿನಗ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವ್ವನೂ ನಕ್ಕಳು. ಮನೆಗೆ ಬಂದ ಮೇಲೆ ನಗಲಿಲ್ಲ. ತತ್ತಿ ಒಡೆದು ಒಳ್ಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ಎತ್ತಿಗೆ ಕುಡಿಸಿದಳು. ಅಣ್ಣನಿಗೆಂದು ತೆಗೆದಿಟ್ಟ ಹೊನ್ನುಗ್ಗಿಯನ್ನೂ ಅದರ ಮುಂದಿಟ್ಟಳು. ಅದು ತಿನ್ನುವುದನ್ನು ಅಪ್ಪ ಬಾಗಿಲಲ್ಲಿ ನಿಂತು ನೋಡಿದ.

ಹುಣ್ಣಿಮೆ ಸಂಜೆ ನಾನು ಅಗಸಿಯ ಕಟ್ಟೆ ಹತ್ತಿ ನಿಂತಿದ್ದೆ. ಅವ್ವ ಎದುರಿಗೆ, ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದು. ಹಲಗೆ ಬಡಿತ, ಧೂಳು, ಕೊರಳಗೆಜ್ಜೆಯ ಸದ್ದು. ಧೂಳಿನಿಂದ ಮೊದಲು ಹೊರಬಂದದ್ದು ಕೆಂದ. ನಮ್ಮ ಬಿಳಿ ಎತ್ತು, ಅದರ ಜೊತೆ ಓಡುತ್ತಿದ್ದ ಅಪ್ಪ, ಎರಡು ಮಾರು ಹಿಂದೆ. ಈರಣ್ಣ ಮಾವ ಕರಿಯ ಹತ್ತಿರ ಬಂದವನು ಅವ್ವನ ಮುಖ ನೋಡಿದ. ನೋಡಿ, ಮೂಗುದಾರದ ಹಗ್ಗ ಜಗ್ಗಿದ. ಕೆಂದ ಕತ್ತೆತ್ತಿ ತಡವರಿಸಿತು. ಅಷ್ಟರಲ್ಲಿ ನಮ್ಮ ಎತ್ತು ಬೇವಿನ ಸೊಪ್ಪನ್ನು ಕೋಡಿಗೆ ಸುತ್ತಿಕೊಂಡು ಅಗಸಿ ದಾಟಿಬಿಟ್ಟಿತ್ತು.

ಅವನು ಜಗ್ಗಿದ್ದನ್ನು ಮೇಲಿಂದ ನಾನು ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ. ಅವ್ವ ನೋಡಿದ್ದು ಎತ್ತನ್ನು ಮಾತ್ರ. ಅವತ್ತು ಓಣಿಯ ಹುಡುಗರಿಗೆಲ್ಲ ನಮ್ಮ ಮನೆಯ ಕೋಡುಬಳೆ.

ಕೆಲವು ದಿನಕ್ಕೆ ಪತ್ರಿಕೆ ಬಂತು. ಮೇಷ್ಟ್ರು ಓದಲಿಲ್ಲ. ಇದ್ದಿಲು ತೆಗೆದುಕೊಂಡು ಹೋಗಿ ಟೊಬ್ರುಕ್ಕಿನ ಚುಕ್ಕಿಯನ್ನು ಕಪ್ಪು ಮಾಡಿ ಬಂದು ಕುಳಿತರು. ಬೆಂಚಿನ ಮೇಲಿದ್ದ ಹಾಳೆಯನ್ನು ನಾನು ಕೂಡಿಸಿಕೂಡಿಸಿ ಓದಿದೆ. ಅಣ್ಣ ಹೇಳಿದಂತೆ ಕಲಿತಿದ್ದೆ. ನಾನು ಮನೆಯವರಿಗೆ ಓದಿ ಹೇಳಿದ ಮೊದಲ ಸುದ್ದಿ ಅದು.

“ಸುಳ್ಳು,” ಅಂದಳು ಅವ್ವ. “ನಮ್ಮ ಎತ್ತು ಕರಿ ಹರಿದದ.”

ನನ್ನ ಹಿಂದೆಯೇ ಮನೆಗೆ ಬಂದಿದ್ದ ಮೇಷ್ಟ್ರು ನೆಲ ನೋಡುತ್ತ ಹೇಳಿದರು, “ಹುಣ್ಣಿಮೆಗೆ ವಾರ ಮುಂಚೇನೇ ಬಿದ್ದಿದೆಯಮ್ಮ. ನಮಗೆ ಗೊತ್ತಾಗಿದ್ದು ಈಗ.”

ಈರಣ್ಣ ಮಾವನೂ ಬಂದ. “ಯಕ್ಕ, ನಾ ಚಾಷ್ಟಿಗೆ, ನಗ್ಸಾಕ ಅಂದಿದ್ನಿ.”

“ನೀ ಚಾಷ್ಟಿಗೆ ಅಂದಿ. ಎತ್ತು ಚಾಷ್ಟಿಗೆ ಓಡಿಲ್ಲ.” ಅವ್ವ ಬೆರಳು ಮಡಿಚಿ ತಿಂಗಳು ಎಣಿಸಿ, ಲೆಕ್ಕ ಕೂಡಿಬಂದವಳಂತೆ ಹೇಳಿದಳು, “ಅಧಿಕ ಬಂತು ನೋಡ್ರಿ. ಅದು ಬರದಿದ್ರ ಹುಣ್ಣಿಮಿ ತಿಂಗ್ಳ ಮುಂಚೇನೇ ಆಗ್ತಿತ್ತು. ಎತ್ತು ಆಗ್ಲೇ ಹರೀತಿತ್ತು. ಊರು ಉಳೀತಿತ್ತು.”

ಈರಣ್ಣ ಮಾವ ಬಾಯಿ ತೆರೆದ, ನನ್ನ ಕಡೆ ನೋಡಿದ, ಮುಚ್ಚಿಕೊಂಡ.

ಆಮೇಲೆ ಸರಕಾರದಿಂದ ಬಂದ ಕಾಗದದಲ್ಲಿ ಅಣ್ಣ ಸತ್ತನೆಂದೂ ಇರಲಿಲ್ಲ, ಸೆರೆಯಾದನೆಂದೂ ಇರಲಿಲ್ಲ. ಪತ್ತೆಯಿಲ್ಲ ಎಂದಿತ್ತು. ಯುದ್ಧ ಮುಗಿದು ಸೆರೆಯಲ್ಲಿದ್ದವರು ಅವರವರ ಊರಿಗೆ ಬಂದರು. ಅಣ್ಣ ಬರಲಿಲ್ಲ. ಬಿಳಿ ಎತ್ತನ್ನು ಅವ್ವ ಮಾರಗೊಡಲಿಲ್ಲ. ಅದು ನಮ್ಮ ಕೊಟ್ಟಿಗೆಯಲ್ಲೇ ಮುದಿಯಾಗಿ ಸತ್ತಿತು.

ನಾನು ಓದಿದೆ. ಹೊಸಪೇಟೆ ಹತ್ತಿರದ ಚಿತ್ತವಾಡ್ಗಿಯಲ್ಲಿ ಒಬ್ಬರ ಮನೆಯ ಹಿಟ್ಟು ಬೀಸಿಕೊಟ್ಟು, ಅವರ ಪಡಸಾಲೆಯಲ್ಲಿ ಮಲಗಿ ಹೈಸ್ಕೂಲು ಮುಗಿಸಿದೆ, ಬಳ್ಳಾರಿಯಲ್ಲಿ ಬಿ.ಎ. ಮಾಡಿದೆ. ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಕಾಲೇಜಿನಲ್ಲಿ ಸಿಕ್ಕ ದಪ್ಪ ಚರಿತ್ರೆಯ ಪುಸ್ತಕವೊಂದರಲ್ಲಿ ಆ ದೇಶದ ಆ ವರ್ಷ ಅರ್ಧ ಪುಟದಲ್ಲಿ ಮುಗಿದಿತ್ತು. ಊರಿಗೆ ಹೋದಾಗ ಅವ್ವನಿಗೆ ಹೇಳಿದೆ.

“ಆ ವರ್ಷ ಅಧಿಕ ಬಂದಿತ್ತಂತ ಬರದಾರೇನು?”

“ಇಲ್ಲವ್ವ.”

“ಮತ್ತೇನ್ ಬರದಾರ,” ಅಂದು ರೊಟ್ಟಿ ಬಡಿಯತೊಡಗಿದಳು.

ಎತ್ತಿನ ಹಗ್ಗ ಜಗ್ಗಿದ್ದನ್ನು ಅವಳಿಗೆ ನಾನೂ ಹೇಳಲಿಲ್ಲ, ಈರಣ್ಣ ಮಾವನೂ ಹೇಳಲಿಲ್ಲ. ಈಗ ಅವ್ವನೂ ಇಲ್ಲ, ಅವನೂ ಇಲ್ಲ. ಶಾಲೆಯ ಆ ಗೋಡೆ ಎಂದೋ ಬಿತ್ತು. ಲಿಬಿಯಾ ದೇಶಕ್ಕೆ ಸ್ವಾತಂತ್ರ್ಯ ಬಂದದ್ದು, ರಾಜ ಬಂದದ್ದು, ರಾಜ ಹೋದದ್ದು ಎಲ್ಲವನ್ನೂ ಪತ್ರಿಕೆಯಲ್ಲಿ ನಾನೇ ಓದಿಕೊಂಡಿದ್ದೇನೆ, ಯಾರ ಬಾಯಿಯನ್ನೂ ನೋಡದೆ.

ಈಗ ಸುದ್ದಿ ತಡವಾಗುವುದಿಲ್ಲ. ಅಲ್ಲಿ ಬಿದ್ದದ್ದು ಇಲ್ಲಿ ಅದೇ ಗಳಿಗೆಗೆ ಬೀಳುತ್ತದೆ. ಆಗ ನಮಗೆ ಒಂದು ವಾರ ಸಿಗುತ್ತಿತ್ತು. ಊರು ಬಿದ್ದ ಮೇಲೂ ನಮ್ಮ ಗೋಡೆಯ ಮೇಲೆ ಅದು ಕೆಂಪಗಿದ್ದ ಒಂದು ವಾರ. ಆ ವಾರದಲ್ಲಿ ಅವ್ವ ಹಾಡಿಕೊಂಡು ಕೋಡುಬಳೆ ಕರಿದಿದ್ದಳು.