ನನ್ನ ಚಪ್ಪಲಿ ಹಾಕಿಕೊಂಡ ಹುಡುಗಿ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಅಮರಾಪುರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಮಡಕಶಿರಾದಿಂದ ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಸಮಾಜ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಅವರ ತರಗತಿಗಳೂ ನನ್ನ ತಲೆಗೇ ಬಂದಿದ್ದವು. ಹಿಮ್ಮಡಿ ನೋವು ಬೇರೆ.

ಆಟದ ಮೂಲಕ ಪಾಠ ಮಾಡಿ ಫೋಟೋ ಕಳಿಸಬೇಕೆಂದು ಮೇಲಿನಿಂದ ಸೂಚನೆ ಬಂತು. ಒಲ್ಲದ ಮನಸ್ಸಿನಿಂದಲೇ ಇಂಗ್ಲಿಷ್ ನುಡಿಗಟ್ಟುಗಳನ್ನು ಚೀಟಿಗಳಲ್ಲಿ ಬರೆದು ಒಂಬತ್ತನೇ ತರಗತಿಗೆ ಒಯ್ದೆ. ಚೀಟಿ ಎತ್ತಿದವರು ಅದನ್ನು ಅಭಿನಯಿಸಬೇಕು, ಉಳಿದವರು ಯಾವ ನುಡಿಗಟ್ಟು ಎಂದು ಹೇಳಬೇಕು.

ಮೊದಲೆರಡು ಚೀಟಿ ನಗುವಿನಲ್ಲೇ ಮುಗಿದವು. ಆಮೇಲೆ ಲಕ್ಷ್ಮಿದೇವಿ ಎದ್ದು ಬಂದಳು. ಕುರಿ ಸಾಕುವವರ ಮನೆಯ ಹುಡುಗಿ, ಕೊನೆಯ ಬೆಂಚು, ಮಾತು ಕಡಿಮೆ. ಚೀಟಿ ಓದಿಕೊಂಡು ನನ್ನ ಕಾಲಿನ ಕಡೆ ನೋಡಿದಳು.

"ಮೇಡಂ, ನಿಮ್ ಚಪ್ಲಿ ಕೊಡ್ತೀರಾ?"

ಅವಳಿಗೆ ಬಂದ ಚೀಟಿ ಯಾವುದೆಂದು ತಿಳಿಯಿತು. 'ಇನ್ ಸಮ್‌ಒನ್ಸ್ ಶೂಸ್', ಅಂದರೆ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು. ನಗುತ್ತಲೇ ಚಪ್ಪಲಿ ಬಿಟ್ಟುಕೊಟ್ಟೆ.

ಅವಳು ಅದನ್ನು ಮೆಟ್ಟಿ ಹೊರಗೆ ಹೋಗಿ ಮತ್ತೆ ಒಳಗೆ ಬಂದಳು. ಒಂದು ಕಾಲನ್ನು ಮೆಲ್ಲಗೆ ಊರುತ್ತ ಬಂದು, ಮೇಜಿನ ಮೇಲೆ ಚೀಲ ಇಟ್ಟಂತೆ ಮಾಡಿ, ಗೋಡೆಯ ಗಡಿಯಾರ ನೋಡಿ ಉಸ್ಸೆಂದಳು. ಮಕ್ಕಳು ಕೇಕೆ ಹಾಕಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಆಟಕ್ಕೆಂದು ಕೈ ಎತ್ತಿ, "ಮೇಡಂ, ಅರ್ಥ ಆಗ್ಲಿಲ್ಲ" ಅಂದಳು.

ಲಕ್ಷ್ಮಿದೇವಿ ತಲೆ ಎತ್ತಲಿಲ್ಲ. "ನಿಂಗೆ ಯಾವತ್ತು ಅರ್ಥ ಆಗೈತೆ? ಕೂತ್ಕಳೆ ಸುಮ್ನೆ."

ಥೇಟ್ ನನ್ನದೇ ದನಿ. ನಗುತ್ತಿದ್ದ ಮಕ್ಕಳು ನನ್ನ ಮುಖ ನೋಡಿದರು. ಹಿಂದಿನ ವಾರ ಏನೋ ಕೇಳಲು ಕೈ ಎತ್ತಿದ ಲಕ್ಷ್ಮಿದೇವಿಗೇ ನಾನು ಆ ಮಾತು ಹೇಳಿದ್ದೆ. ಅಂದಿನಿಂದ ಅವಳು ಒಮ್ಮೆಯೂ ಕೈ ಎತ್ತಿರಲಿಲ್ಲ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಅವಳಿಗೂ ಭಯವಾಯಿತು. ಚಪ್ಪಲಿ ಬಿಚ್ಚಿ ನನ್ನ ಕಾಲ ಬಳಿ ಇಟ್ಟು, "ಬೈಬ್ಯಾಡಿ ಮೇಡಂ. ಎರಡು ಬಸ್ ಹತ್ತಿ ಬರ್ತೀರ, ಸುಸ್ತಾಗಿರ್ತೈತೆ. ಅದ್ನೇ ಮಾಡಿ ತೋರಿಸ್ದೆ, ಅಷ್ಟೇ" ಅಂದಳು.

ಅಣಕವೆಂದು ನಾನು ತಿಳಿದದ್ದು ಅವಳ ಪಾಲಿಗೆ ಕನಿಕರವಾಗಿತ್ತು. ನಾಚಿಕೆಯಾಯಿತು. ಕೇಳಿದೆ, "ಅವತ್ತು ಏನಮ್ಮ ನೀನು ಕೇಳಿದ್ದು?"

"ಜೋರು ಮಳೆಗೆ ನಾಯಿ, ಬೆಕ್ಕು ಸುರೀತಾವೆ ಅಂತಾರಲ್ಲ ಇಂಗ್ಲಿಷ್‌ನಾಗೆ, ಯಾಕೆ ಅಂತ."

ಹದಿನೆಂಟು ವರ್ಷ ಅದನ್ನೇ ಪಾಠ ಮಾಡಿದ್ದೇನೆ. "ನನಗೂ ಗೊತ್ತಿಲ್ಲ ಕಣಮ್ಮ" ಅಂದೆ. ಅವಳು ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. ಆ ದಿನ ಫೋಟೋ ತೆಗೆಯುವುದು ಮರೆತೇಹೋಯಿತು.

ನಾನೇನೂ ಬದಲಾಗಿಬಿಟ್ಟೆ ಎಂದು ಹೇಳಲಾರೆ. ಮಧ್ಯಾಹ್ನದ ಹೊತ್ತಿಗೆ ಈಗಲೂ ಮೈಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಹಳೆಯ ಮಾತು ಗಂಟಲವರೆಗೂ ಬರುತ್ತದೆ. ಅಂಥ ದಿನ ಯಾರಾದರೂ ಕೈ ಎತ್ತಿದರೆ ಅವರ ಮುಖ ನೋಡಿ, "ಇವತ್ತು ಆಗ್ತಿಲ್ಲ ಕಣಮ್ಮ, ನಾಳೆ ಮೊದಲು ನಿನ್ನ ಪ್ರಶ್ನೆಯೇ" ಅನ್ನುತ್ತೇನೆ. ಮರುದಿನ ನಾನು ಬರುವಷ್ಟರಲ್ಲಿ ಆ ಮಗು ಎದ್ದು ನಿಂತಿರುತ್ತದೆ.