ಕೌದಿಯ ಬೆನ್ನು ನೋಡುವವಳು

ಅರಬರ ನಾಡಿನ ಅಲ್ ಖೌದ್‌ನಲ್ಲಿರುವ ಉಮಾವತಿ ದೇವರಿಗೆ ದೀಪ ಹಚ್ಚಿ, ತನ್ನ ಕೌದಿಗೆ ಒಂದು ಸಾಲು ಹೊಲಿಗೆ ಹಾಕದೆ ಬೆಳಗಿನ ಚಾ ಕುಡಿದವಳಲ್ಲ. ಅಲ್ಲಿನ ಕನ್ನಡ ಮಹಿಳಾ ಕೂಟದ ಕೌದಿ ಪ್ರದರ್ಶನಕ್ಕೆ ಪ್ರತಿ ವರ್ಷವೂ ಅವಳೇ ತೀರ್ಪುಗಾರ್ತಿ. ಬಿಳಿ ಕೈಗವಸು ತೊಟ್ಟು ಬಂದಳೆಂದರೆ ಹೊಲಿದವರೆಲ್ಲ ತಂತಮ್ಮ ಕೌದಿಯ ಮೂಲೆ ಎಳೆದು ಸರಿಮಾಡತೊಡಗುತ್ತಾರೆ. ಬಣ್ಣ, ಚಿತ್ತಾರಗಳತ್ತ ಕಣ್ಣೂ ಹಾಯಿಸದೆ, "ಎದುರು ಎಲ್ಲರದ್ದೂ ಚಂದವೇ. ಬೆನ್ನು ತಿರುಗಿಸು ಮಾರಾಯ್ತಿ," ಎನ್ನುತ್ತಾಳೆ. ಗಂಟು ಕಂಡರೆ ಒಂದು ಅಂಕ ಖಲಾಸ್, ಮೂಲೆ ಸೊಟ್ಟಗಾದರೆ ಎರಡು. ಹೊಲಿಗೆ ಉದ್ದವಾದರೆ, "ಇದೇನು, ಒಂಟೆಗಳ ಸಾಲೋ?" ಯಾರದ್ದೆಂದು ತಿಳಿಯದಂತೆ ಹೆಸರಿನ ಮೇಲೆ ಪಟ್ಟಿ ಅಂಟಿಸಿದ್ದರೂ ಸೊಹಾರ್ ಪಟ್ಟಣದಿಂದ ಬರುವ ಅವ್ವಮ್ಮನ ಕೌದಿ ಅವಳಿಗೆ ದೂರದಿಂದಲೇ ಗೊತ್ತಾಗುತ್ತದೆ, ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಳ್ಳುತ್ತದೆ. ಕನ್ನಡಕ ಒರೆಸಿ, ಬೆಳಕಿಗೆ ಹಿಡಿದು, ಒಂದೇ ಒಂದು ಗಂಟಾದರೂ ಸಿಗಲಿ ಎಂದು ದೇವರನ್ನೇ ಬೇಡುತ್ತಾಳೆ. ಸಿಗುವುದಿಲ್ಲ. ಇಲ್ಲದ ತಪ್ಪನ್ನು ಬರೆಯಲು ಅವಳ ಕೈ ಏಳದು. ಹಲ್ಲು ಕಚ್ಚಿ ಮೊದಲ ಬಹುಮಾನ ಬರೆಯುತ್ತಾಳೆ. ಅವಳ ಸ್ವಂತ ಕೌದಿ ಮಾತ್ರ ಒಂಬತ್ತು ವರ್ಷದಿಂದ ಅರ್ಧಕ್ಕೇ ನಿಂತಿದೆ. ಬೆಳಿಗ್ಗೆ ಹಾಕಿದ ಸಾಲನ್ನು ತಿರುಗಿಸಿ ನೋಡಿ, ಅವ್ವಮ್ಮನ ಹೊಲಿಗೆಯ ಹಾಗಿಲ್ಲವೆಂದು, ಚಾ ಆರುವ ಮೊದಲೇ ಬಿಚ್ಚಿಬಿಡುತ್ತಾಳೆ. ಈ ಸಲ ಬಹುಮಾನವನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವ್ವಮ್ಮ ಹತ್ತಿರ ಬಂದಳು. "ಉಮಕ್ಕಾ, ನಿಮ್ಮ ಕೌದಿ ಕೊಡಿ. ಉಳಿದರ್ಧ ನಾನು ಹೊಲಿದು ಕೊಡ್ತೇನೆ, ಎಂಟು ದಿನ ಸಾಕು." ಉಮಾವತಿ ನಿಧಾನಕ್ಕೆ ಕೈಗವಸು ಕಳಚಿದಳು. "ಬೇಡ ಅವ್ವಮ್ಮ. ಆಮೇಲೆ ಅದರಲ್ಲೂ ನಿಮ್ಮ ಅರ್ಧಕ್ಕೇ ನಾನು ಮೊದಲ ಬಹುಮಾನ ಕೊಡಬೇಕಾದೀತು."