ಎರಡು ಜೋಗುಳ

ತೊಂಬತ್ತರ ದಶಕದಲ್ಲಿ ಪುಣೆಯ ಧನಕವಡಿಯ ನಮ್ಮ ಮನೆಯ ಮಹಡಿಯಲ್ಲಿ ಇಥಿಯೋಪಿಯಾದ ಗಾಯಕನೊಬ್ಬ ಬಾಡಿಗೆಗಿದ್ದ. ತನ್ನ ನಾಡಿನ ಹಳೆಯ ಹಾಡುಗಳನ್ನು ಗಿಟಾರಿನಲ್ಲಿ ಫಂಕ್ ಎಂಬ ಕುಣಿತದ ಲಯಕ್ಕೆ ಕೂರಿಸಿ, ಭುಜ ಕುಣಿಸುತ್ತ ಹಾಡುತ್ತಿದ್ದ. ಯಾರಾದರೂ ಹಾಡು ಹೊಗಳಿದರೆ, ಅಡುಗೆಮನೆಯಲ್ಲಿ ನಮ್ಮವ್ವನಿಂದ ಕಲಿತ ಕನ್ನಡದಲ್ಲಿ "ಇನ್ನಷ್ಟು ಉಪ್ಪು ಬೇಕ್ರಿ" ಎಂದು ನಗುತ್ತಿದ್ದ.

ಒಮ್ಮೆ ಅವನ ತಾಯಿ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೋಗಲಾಗಲಿಲ್ಲ, ಹಾಡುವುದನ್ನೇ ಬಿಟ್ಟ. ಅವ್ವ ರೊಟ್ಟಿ ಹಿಡಿದು ಮೇಲೆ ಹೋಗಿ ಅವನ ಪಕ್ಕ ಕೂತಳು.

"ನಿಮ್ಮವ್ವ ಏನ್ ಹಾಡಿ ಮಲಗಸ್ತಿದ್ಲೋ, ತಮ್ಮಾ?"

ಅವನು ತಡವರಿಸುತ್ತ ಜೋಗುಳ ಹಾಡಿದ. ಅವ್ವ ತನ್ನ ಧಾರವಾಡದ ಜೋಗುಳವನ್ನು ಅದಕ್ಕೆ ಸೇರಿಸಿದಳು. ಅವನು ಗಿಟಾರ್ ಎತ್ತಿಕೊಂಡ.

ಮುಂದೆ ಹೋಟೆಲೊಂದರಲ್ಲಿ ಅವನು ಆ ಎರಡೂ ಜೋಗುಳಗಳನ್ನು ಕೂಡಿಸಿ ಹಾಡಿದಾಗ ಜನರೆಲ್ಲ ಎದ್ದು ಕುಣಿದರು. ನನ್ನ ಪಕ್ಕದಲ್ಲಿ ಅವ್ವ ಕೂತಲ್ಲೇ ಅಳುತ್ತಿದ್ದಳು.